ಎಫ್‌ಜೆ ಟ್ಯೂಬ್ ಕಟ್ಟಿಕೊಂಡಿದೆ, ನೀರೂ ಇಳಿಯುತ್ತಿಲ್ಲ

ಹಾಸನದ ಮಗಳು:
ಅಪ್ಪನಿಗೆ ಅನ್ನನಾಳದ ಕ್ಯಾನ್ಸರ್ ಆಪರೇಷನ್ ಆಗಿ ಮೂರು ವಾರ. ಊಟಕ್ಕೆ ಹೊಟ್ಟೆಯಲ್ಲಿ ಎಫ್‌ಜೆ ಟ್ಯೂಬ್ ಇದೆ, ಅಂದರೆ ಹೊಟ್ಟೆಯ ಚರ್ಮದ ಮೂಲಕ ಸಣ್ಣ ಕರುಳಿಗೆ ಹಾಕಿದ ಊಟದ ಕೊಳವೆ. ರಾತ್ರಿ ರಾಗಿ ಗಂಜಿ ಕೊಟ್ಟು, ಹಿಂದೆಯೇ ಗ್ಯಾಸಿನ ಮಾತ್ರೆ ಪುಡಿ ಮಾಡಿ ಹಾಕಿದೆ. ಬೆಳಿಗ್ಗೆಯಿಂದ ನೀರೂ ಹೋಗುತ್ತಿಲ್ಲ. ಸಣ್ಣ ಸಿರಿಂಜಿನಲ್ಲಿ ಜೋರಾಗಿ ಒತ್ತಿ ನೋಡಿದೆ, ಆಗಲಿಲ್ಲ. ಕೋಲಾ ಹಾಕಿದರೆ ಬಿಡುತ್ತದಂತೆ, ಪಕ್ಕದ ಮನೆಯವರು ಹೇಳಿದರು. ಹಾಕಲಾ?

ನಿವೃತ್ತ ನರ್ಸ್:
ಕೋಲಾ ಬೇಡಮ್ಮ. ಒಳಗೆ ಹಾಲಿನಂಶ ಇದ್ದರೆ ಅದರ ಹುಳಿಗೆ ಒಡೆದು ಇನ್ನೂ ಗಟ್ಟಿಯಾಗಬಹುದು. ಸಣ್ಣ ಸಿರಿಂಜನ್ನೂ ಕೆಳಗಿಡಿ. ಸಿರಿಂಜು ಚಿಕ್ಕದಾದಷ್ಟೂ ಒತ್ತಡ ಜಾಸ್ತಿ, ಟ್ಯೂಬೇ ಒಡೆದೀತು. ಮೊದಲು ಎಲ್ಲಾದರೂ ಮಡಚಿದೆಯಾ, ಕ್ಲಾಂಪ್ (ಟ್ಯೂಬ್ ಮುಚ್ಚುವ ಕ್ಲಿಪ್) ಹಾಕಿದ್ದು ಹಾಗೇ ಇದೆಯಾ ನೋಡಿ. ಆಮೇಲೆ 50 ಎಂಎಲ್ ಸಿರಿಂಜಿನಲ್ಲಿ, ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರು ತಗೊಂಡು ಮೆಲ್ಲಗೆ ಒತ್ತಿ, ಮೆಲ್ಲಗೆ ಎಳೆಯಿರಿ. ಕಾಲು ಗಂಟೆ ಕ್ಲಾಂಪ್ ಹಾಕಿ ಬಿಡಿ, ಮತ್ತೆ ಮಾಡಿ. ತಂತಿ ಗಿಂತಿ ತೂರಿಸಬೇಡಿ. ನೋವು ಅಂದರೆ ಅಲ್ಲಿಗೇ ನಿಲ್ಲಿಸಿ. ಎರಡು ಮೂರು ಸಲಕ್ಕೂ ಬಿಡದಿದ್ದರೆ ಆಸ್ಪತ್ರೆಗೆ ಹೊರಡಿ, ನಾಳೆಗೆ ಇಡಬೇಡಿ.

ಹಾಸನದ ಮಗಳು:
ಮೂರನೇ ಸಲಕ್ಕೆ ಬಿಟ್ಟಿತು ಸಿಸ್ಟರ್! ಕಂದು ಬಣ್ಣದ ತರಿ ವಾಪಸ್ ಬಂತು. ಇನ್ನೊಂದು ಪ್ರಶ್ನೆ. ಒಂದು ಲೋಟ ಗಂಜಿ ಹಾಕಿದ ಕೂಡಲೇ ಹೊಟ್ಟೆ ಹಿಂಡುತ್ತದೆ, ಭೇದಿಯೂ ಆಗುತ್ತದೆ ಅಂತಾರೆ ಅಪ್ಪ.

ಅಮ್ಮನ ಜೊತೆ ಎರಡು ತಿಂಗಳು:
ಒಂದೇ ಸಲಕ್ಕೆ ಸುರಿದಿರಾ? ಇದು ಮೂಗಿನಿಂದ ಜಠರಕ್ಕೆ ಇಳಿಸುವ ರೈಲ್ಸ್ ಟ್ಯೂಬ್‌ನ ಹಾಗಲ್ಲ. ಸೀದಾ ಸಣ್ಣ ಕರುಳಿಗೇ ಹೋಗುತ್ತದೆ, ಜಠರದಂತೆ ಒಂದು ಲೋಟ ಹಿಡಿದಿಡಲು ಅಲ್ಲಿ ಜಾಗವಿಲ್ಲ. ನಾವೂ ಮೊದಲು ಹೀಗೇ ಮಾಡಿ ಅಮ್ಮನನ್ನು ಗೋಳಾಡಿಸಿದೆವು. ಟ್ಯೂಬಿಗೇ ಡ್ರಿಪ್ ಜೋಡಿಸಿ ಊಟವನ್ನು ಹನಿ ಹನಿಯಾಗಿ ಬಿಟ್ಟ ಮೇಲೆ ಸರಿಹೋಯಿತು. ವೇಗ ಎಷ್ಟು ಅಂತ ಡಯಟಿಶಿಯನ್ ಹತ್ತಿರ ಕೇಳಿ. ಫ್ರಿಜ್ಜಿನಿಂದ ತೆಗೆದದ್ದನ್ನು ಹಾಗೇ ಕೊಡಬೇಡಿ. ರಾಗಿ ಎಷ್ಟು ಸೋಸಿದರೂ ತಳ ಕಟ್ಟುತ್ತದೆ ಅಲ್ವಾ, ನಾವು ಅದನ್ನೇ ಬಿಟ್ಟು ಡಾಕ್ಟರ್ ಬರೆದುಕೊಟ್ಟ ಪುಡಿಗೆ ಬಂದೆವು.

ನಿವೃತ್ತ ನರ್ಸ್:
ಮಾತ್ರೆಗಳಲ್ಲಿ ಎಲ್ಲವನ್ನೂ ಪುಡಿ ಮಾಡುವಂತಿಲ್ಲ. ಸಿರಪ್ ಇದೆಯಾ ಅಂತ ಕೇಳಿ. ಊಟದ ಮುಂಚೆ, ಆಮೇಲೆ, ಔಷಧಿ ಹಾಕಿದಾಗಲೂ 30 ಎಂಎಲ್‌ನಷ್ಟು ನೀರು ಬಿಡಿ. ನಿಮ್ಮ ಡಾಕ್ಟರ್ ಬೇರೆ ಅಳತೆ ಹೇಳಿದ್ದರೆ ಅದೇ. ಮತ್ತೆ, ಚರ್ಮದ ಹತ್ತಿರ ಟ್ಯೂಬಿನ ಮೇಲೆ ಗುರುತು ಇದೆಯಾ? ಹೊಲಿಗೆ ಭದ್ರವಾಗಿದೆಯಾ?

ಹಾಸನದ ಮಗಳು:
ಈಗ ನೋಡಿದೆ. ಒಂದು ಹೊಲಿಗೆ ಬಿಚ್ಚಿದೆ. ಗುರುತು ಎರಡು ಬೆರಳಿನಷ್ಟು ಹೊರಗೆ ಬಂದಿದೆ.

ನಿವೃತ್ತ ನರ್ಸ್:
ಹಾಗಾದರೆ ಇನ್ನು ನೀರೂ ಹಾಕಬೇಡಿ, ಒಳಗೆ ತಳ್ಳಲೂ ಬೇಡಿ. ಪ್ಲಾಸ್ಟರ್ ಹಾಕಿ ಈಗಲೇ ಆಸ್ಪತ್ರೆಗೆ ಹೊರಡಿ. ದಾರಿಯಲ್ಲಿ ಪೂರ್ತಿ ಕಳಚಿದರೆ ಶುಭ್ರವಾದ ಬಟ್ಟೆ ಮುಚ್ಚಿ, ಟ್ಯೂಬನ್ನೂ ಜೊತೆಗೆ ಒಯ್ಯಿರಿ. ಕೆಲವೇ ಗಂಟೆಗಳಲ್ಲಿ ಆ ತೂತು ಮುಚ್ಚತೊಡಗುತ್ತದೆ.

ಹಾಸನದ ಮಗಳು:
ಆಟೋ ಬಂತು. ಹೊರಟೆವು.