ಅಪ್‌ಡೇಟ್: ಅಜ್ಜನ ಎಚ್‌ಎಂಟಿ ಜನತಾ ಅಸಲಿಯೇ?

ಅಜ್ಜನ ಕೀ ಕೊಡುವ ಎಚ್‌ಎಂಟಿ ಜನತಾ ವಾಚು ಅಸಲಿಯೇ, ಎಷ್ಟು ಬೆಲೆ ಬಾಳುತ್ತದೆ ಎಂದು ಕೇಳಿದ್ದೆ. ಮೊದಲು ಹಿಂಬದಿ ಮುಚ್ಚಳ ತೆಗೆಸಿ ನೋಡಿ ಎಂದಿರಿ. ತುಂಬ ಒಳ್ಳೆಯ ಸಲಹೆ, ಥ್ಯಾಂಕ್ಸ್.

ಹಳೇ ರಿಪೇರಿಯವರೊಬ್ಬರು ತೆಗೆದು ತೋರಿಸಿದರು. ಒಳಗಿನ ಯಂತ್ರ ಅಸಲಿ. ಎಚ್‌ಎಂಟಿ ಗುರುತು, 17 ಜ್ಯುವೆಲ್ಸ್ (ಸವೆತ ತಡೆಯುವ ಪುಟ್ಟ ಹರಳುಗಳು) ಎಂಬ ಬರಹ, 0231 ಎಂಬ ಯಂತ್ರದ ಮಾದರಿ ನಂಬರ್ ಎಲ್ಲ ಇದೆ. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ವಾಚು ಶುರು ಮಾಡಿದ ಕಂಪನಿ ಅಲ್ವಾ, ಆ ಯಂತ್ರದ ಮೂಲವೂ ಸಿಟಿಜನ್ನೇ.

ನನಗೆ ಜಾಸ್ತಿ ಚಿಂತೆ ಇದ್ದದ್ದು ಡಯಲ್ ಬಗ್ಗೆ. ಹಳೇ ಡಯಲ್‌ಗೆ ಹೊಸ ಬಣ್ಣ ಬಳಿದು ಮಾರುವುದು ಮಾಮೂಲು. ಭೂತಗನ್ನಡಿಯಲ್ಲಿ ನೋಡಿದೆವು. ಅಕ್ಷರಗಳು ತೆಳ್ಳಗೆ, ಚೂಪಾಗಿವೆ. ನಿಮಿಷದ ಗೆರೆಗಳು ಗಂಟೆಯ ಗುರುತುಗಳಿಗೆ ಸರಿಯಾಗಿ ಕೂತಿವೆ. ಬಣ್ಣ ಬಳಿದ ಡಯಲ್‌ನಲ್ಲಿ ಇವೆರಡೇ ಮೊದಲು ಕೆಡುವುದಂತೆ. ಅಂಚಿನ ಹಳದಿ ಕಲೆ ಬರೀ ವಯಸ್ಸಿನದು. ಮುಳ್ಳುಗಳು ಮಾತ್ರ ಬೇರೆ ವಾಚಿನವು, ಕೀ ಗುಂಡಿಯೂ ಬದಲಾಗಿದೆ.

ಬೆಲೆ? ಜನತಾ ಅಪರೂಪದ ಮಾಡೆಲ್ ಅಲ್ಲ, ಹಾಗಾಗಿ ದೊಡ್ಡ ಮೊತ್ತ ಬರುವುದಿಲ್ಲ. ಆದರೆ ಬಣ್ಣ ಬಳಿಯದ ಡಯಲ್‌ಗೆ ಸಂಗ್ರಹಕಾರರು ಬೆಲೆ ಕೊಡುತ್ತಾರೆ. "ಹೊಳಪು ಬರಲಿ ಅಂತ ಸುಮ್ನೆ ಪಾಲಿಶ್ ಹಾಕಿಸ್ಬೇಡಿ" ಎಂದು ರಿಪೇರಿಯವರು ಎಚ್ಚರಿಸಿದರು. ಅವರ ಮಾತು ಸರಿ ಅನಿಸಿತು. ಕ್ಲೀನ್ ಮಾಡಿಸಿ ಎಣ್ಣೆ ಹಾಕಿಸಿದೆ, ಅಷ್ಟೇ.

ವಾಚನ್ನು ಮಾರುವುದಿಲ್ಲ. ಜನತಾದ ಅಸಲಿ ಮುಳ್ಳುಗಳು ಎಲ್ಲಿ ಸಿಗುತ್ತವೆ ಎಂದು ಗೊತ್ತಿದ್ದರೆ ದಯವಿಟ್ಟು ಹೇಳಿ.