ಕೋರೆ ಎದುರು ಧರಣಿ ಕೂರುವ ಮೊದಲು ಹುಡುಗರಿಗೆ ತರಬೇತಿ ಹೇಗೆ ಕೊಡುವುದು?

ಪೆರ್ಲದ ಹುಡುಗ:
ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಎಣ್ಮಕಜೆ ಕಡೆಯ ಗುಡ್ಡೆಯೊಂದರಲ್ಲಿ ಕಪ್ಪುಕಲ್ಲಿನ ಕೋರೆ ಶುರುವಾಗಿದೆ. ಬಂಡೆಗೆ ಮದ್ದು ಇಟ್ಟ ದಿನ ಕೆಳಗಿನ ಮನೆಯವರು ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಸುರಂಗದೊಳಗೆ ಮಣ್ಣು ಜರಿದು, ತೊಟ್ಟಿಗೆ ಬೀಳುವ ನೀರು ಕೆಂಪಾಗ್ತದೆ. ಧರಣಿ ಕೂರುವುದು ಅಂತ ಕ್ಲಬ್ಬಿನಲ್ಲಿ ತೀರ್ಮಾನ ಆಗಿದೆ. ಆದರೆ ಕಳೆದ ಸಲ ಯಾರೋ ಒಬ್ಬ ಟಿಪ್ಪರಿನ ಗ್ಲಾಸಿಗೆ ಕಲ್ಲು ಬಿಸಾಡಿ ಕೇಸಾಯ್ತು. ಆಮೇಲೆ ಊರಿಡೀ ಗ್ಲಾಸಿನದ್ದೇ ಸುದ್ದಿ, ಕೋರೆಯ ಸುದ್ದಿ ಯಾರಿಗೂ ಬೇಡ. ಕಲ್ಲಿದ್ದಲು ಗಣಿ ವಿರುದ್ಧ ಹೋರಾಡುವವರು ಸ್ವಯಂಸೇವಕರಿಗೆ ಮೊದಲೇ ತರಬೇತಿ ಕೊಡ್ತಾರಂತೆ. ಅದರಲ್ಲಿ ಎಂತ ಮಾಡಿಸ್ತಾರೆ? ಭಾಷಣವಾ?

ಬಾಯಾರಿನ ಅಕ್ಕ:
ಭಾಷಣ ಬೇಡವೇ ಬೇಡ ತಮ್ಮಾ. ಅಹಿಂಸೆಯ ಬಗ್ಗೆ ಅರ್ಧ ಗಂಟೆ ಕೊರೆದರೆ ಹುಡುಗರು ಮೊಬೈಲ್ ನೋಡ್ತಾ ಕೂರ್ತಾರೆ.

ನಾನು ನರ್ಸ್ ಕೆಲಸದ ಮೇಲೆ ಛತ್ತೀಸಗಢದ ಅಂಬಿಕಾಪುರದಲ್ಲಿ ಇದ್ದವಳು. 2021ರ ಅಕ್ಟೋಬರಿನಲ್ಲಿ ಹಸದೇವ್ ಕಾಡಿನ ಜನ ಕಲ್ಲಿದ್ದಲು ಗಣಿ ಬೇಡ ಅಂತ ರಾಯಪುರದವರೆಗೆ ಸುಮಾರು 300 ಕಿಲೋಮೀಟರ್ ನಡೆದರಲ್ಲ, ಆ ಸುತ್ತಿನ ಊರುಗಳಿಗೆ ನಾವು ಕ್ಯಾಂಪಿಗೆ ಹೋಗ್ತಿದ್ದೆವು. ಅಲ್ಲಿ ನಾನು ಕಂಡದ್ದು ಘೋಷಣೆಗಿಂತ ಹೆಚ್ಚು ಕೆಲಸದ ಹಂಚಿಕೆ. ಯಾರು ನಡೆಯುವುದು, ಯಾರು ಊರಲ್ಲೇ ಉಳಿದು ದನ, ಮಕ್ಕಳನ್ನು ನೋಡಿಕೊಳ್ಳುವುದು, ಅಕ್ಕಿ ಯಾರ ಮನೆಯದ್ದು. ನೀವೂ ಮೊದಲು ಇದನ್ನೇ ಬರೆದಿಡಿ.

ಮತ್ತೆ ಟ್ರಯಲ್. ಯಕ್ಷಗಾನಕ್ಕೆ ಮಾಡ್ತೀರಲ್ಲ, ಹಾಗೆಯೇ. ಕ್ಲಬ್ಬಿನ ಅಂಗಳದಲ್ಲಿ ಎರಡು ಸಾಲು ಮಾಡಿ. ಒಂದು ಸಾಲು ಧರಣಿಯವರದ್ದು, ನೆಲದಲ್ಲಿ ಕೂತಿರಲಿ. ಎದುರಿನವರು ಟಿಪ್ಪರ್ ಡ್ರೈವರ್, ಕೋರೆಯ ಸೂಪರ್‌ವೈಸರ್, ಪೊಲೀಸ್. ಅವರು ಬೈಯಬೇಕು. ಅಪ್ಪ ಅಮ್ಮನ ಹೆಸರೆತ್ತಿ ನಿಜವಾದ ಬೈಗುಳವೇ ಬರಲಿ, ನಯವಾಗಿ ಬೈದರೆ ಪ್ರಯೋಜನ ಇಲ್ಲ. ಮುಖಕ್ಕೆ ಮೊಬೈಲ್ ಹಿಡಿದು ಕೆಣಕಲಿ, ತಲೆಯ ಟೊಪ್ಪಿ ಎಳೆಯಲಿ. ಕೂತವರು ಏಳುವ ಹಾಗಿಲ್ಲ, ಉತ್ತರ ಕೊಡುವ ಹಾಗಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಸಾಲು ಬದಲಿಸಿ. ಯಾರ ಕಿವಿ ಕೆಂಪಾಯ್ತು, ಯಾರ ಮುಷ್ಟಿ ಬಿಗಿಯಾಯ್ತು ಅಂತ ನೀನು ಬದಿಯಲ್ಲಿ ನಿಂತು ನೋಡು. ಅಂಥವನನ್ನು ಎದುರು ಕೂರಿಸಬೇಡ. ನೀರು ಹಂಚಲಿ, ವಿಡಿಯೋ ತೆಗೆಯಲಿ. ಅದು ಸಣ್ಣ ಕೆಲಸ ಅಲ್ಲ ಅಂತ ಮೊದಲೇ ಹೇಳಿಬಿಡು, ಇಲ್ಲದಿದ್ದರೆ ಮುನಿಸಿಕೊಳ್ತಾನೆ.

ನಮ್ಮಲ್ಲಿ ಇನ್ನೊಂದು ಕಷ್ಟ ಉಂಟು. ಟಿಪ್ಪರ್ ಓಡಿಸುವವ ಎಲ್ಲಿಂದಲೋ ಬಂದವ ಅಲ್ಲ, ನಿನ್ನ ಕ್ಲಾಸ್‌ಮೇಟಿನ ಭಾವನೇ ಆಗಿರ್ತಾನೆ. ಅವನಿಗೆ ಲೋನಿನ ಕಂತು ಕಟ್ಲಿಕ್ಕುಂಟು. ಹಾಗಾಗಿ ಡ್ರೈವರ್ ಪಾತ್ರ ಮಾಡಿದವರ ಹತ್ತಿರ ಕೇಳಿ: ಯಾವ ಮಾತಿಗೆ ಗಾಡಿ ನಿಲ್ಲಿಸುವಾ ಅಂತ ಅನಿಸಿತು, ಯಾವುದಕ್ಕೆ ಮೈ ಉರಿಯಿತು? ನನ್ನ ಮಟ್ಟಿಗೆ ತರಬೇತಿಯಲ್ಲಿ ಎಲ್ಲಕ್ಕಿಂತ ಉಪಯೋಗದ್ದು ಇದೇ. ಕಲ್ಲು ಒಡೆಯಲಿಕ್ಕೆ ಬಂದ ಒಡಿಶಾ, ಬಂಗಾಳದವರ ಮೇಲೆ ಮಾತ್ರ ಬೊಬ್ಬೆ ಹಾಕಬೇಡಿ ಮಾರಾಯ.

ಪೊಲೀಸರು ಎತ್ತಲಿಕ್ಕೆ ಬಂದರೆ ಎದ್ದು ನಡೆಯುವುದಾ, ಮೈ ಸಡಿಲ ಬಿಡುವುದಾ, ಅದೂ ಮೊದಲೇ ತೀರ್ಮಾನ ಆಗಲಿ. ಸಡಿಲ ಬಿಡುವವರು ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕು, ಇಲ್ಲದಿದ್ದರೆ ತಲೆಯ ಹಿಂಭಾಗ ರಸ್ತೆಗೆ ಬಡಿಯುತ್ತದೆ. ಮೊಣಕಾಲು, ಬೆನ್ನು ನೋವಿನವರು ನಡೆದೇ ಹೋಗಲಿ. ರಿವರ್ಸ್ ಬರುವ ಟಿಪ್ಪರಿನ ಹಿಂದೆ ಯಾರೂ ಕೂರಬಾರದು, ಡ್ರೈವರಿಗೆ ಕಾಣುವುದಿಲ್ಲ.

ಕುಂಬಳೆ ವಕೀಲ:
ಅಕ್ಕ ಹೇಳಿದ್ದಕ್ಕೆ ಸ್ವಲ್ಪ ಸೇರಿಸ್ತೇನೆ. ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರು ಮಾಡಬೇಕು, ಮನೆಯವರಿಗೆ ತಿಳಿಸಬೇಕು. ತೀರಾ ಅಪರೂಪದ ಸಂದರ್ಭದಲ್ಲಿ, ಮ್ಯಾಜಿಸ್ಟ್ರೇಟರ ಅನುಮತಿ ಪಡೆದಲ್ಲದೆ, ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹೆಂಗಸರನ್ನು ಬಂಧಿಸುವಂತಿಲ್ಲ. ಮಲಯಾಳ ಓದಲು ಬಾರದವರು ಓದಿಸಿಕೊಳ್ಳದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಮನವಿಯನ್ನು ಕನ್ನಡದಲ್ಲೇ ಕೊಡಿ, ಸಂವಿಧಾನದ 350ನೇ ವಿಧಿ ಅದಕ್ಕೇ ಇರುವುದು.

ಗ್ರಾಮಸಭೆ ಮರೆಯಬೇಡಿ. ಕೇರಳದಲ್ಲಿ ವಾರ್ಡಿಗೊಂದು ಗ್ರಾಮಸಭೆ, ಮೂರು ತಿಂಗಳಿಗೆ ಒಮ್ಮೆಯಾದರೂ ಕರೆಯಬೇಕು. ಮಧ್ಯಪ್ರದೇಶದ ಸಿಂಗ್ರೌಲಿಯ ಮಹಾನ್ ಕಾಡಿನಲ್ಲಿ ಕಲ್ಲಿದ್ದಲು ಗಣಿಗೆ ಊರು ಒಪ್ಪಿದೆ ಎನ್ನುವ 2013ರ ಠರಾವಿನ ಪ್ರತಿ ತೆಗೆಸಿ ನೋಡಿದರೆ, ಸತ್ತವರ ಹೆಸರಿನಲ್ಲೂ ಸಹಿ ಇದೆ ಅಂತ ಜನ ದೂರು ಕೊಟ್ಟರು. 2015ರಲ್ಲಿ ಆ ಗಣಿಯನ್ನು ಹರಾಜಿನಿಂದಲೇ ಕೈಬಿಟ್ಟರು. ನಿಮ್ಮಲ್ಲೂ ಇಬ್ಬರನ್ನು ಕಾಗದದ ಕೆಲಸಕ್ಕೇ ಇಡಿ. ಸುರಂಗದ ನೀರಿನ ಫೋಟೋ, ತಾರೀಕು, ಮದ್ದು ಸಿಡಿದ ಹೊತ್ತು, ಎಲ್ಲ ಒಂದೇ ಪುಸ್ತಕದಲ್ಲಿ ಇರಲಿ.

ಅಕ್ಕಲಕೋಟ ಮಾಸ್ತರ:
ಅಕ್ಕಾರು ಹೇಳಿದ ತಾಲೀಮು ಹೊಸಾದಲ್ಲ. ಜೇಮ್ಸ್ ಲಾಸನ್ ಅನ್ನೋ ಅಮೆರಿಕಾದ ಪಾದ್ರಿ 1953ರಾಗ ನಮ್ಮ ನಾಗಪುರದ ಹಿಸ್ಲಾಪ್ ಕಾಲೇಜಿಗೆ ಬಂದು, ಗಾಂಧಿ ದಾರಿ ತಿಳಕೊಂಡು ಹೋದ. ನ್ಯಾಶ್‌ವಿಲ್ ಊರಾಗ ಕರಿಯ ವಿದ್ಯಾರ್ಥಿಗಳಿಗೆ ಹಿಂಗ ಮಾಡಿಸಿದ. ಮುಖಕ್ಕ ಸಿಗರೇಟಿನ ಹೊಗಿ ಬಿಡೋದು, ಕುರ್ಚಿಯಿಂದ ಕೆಡವೋದು, ಎಲ್ಲಾ ಮೊದಲ ತಮ್ಮತಮ್ಮೊಳಗ ಮಾಡಿ ನೋಡಿ, 1960ರಾಗ ಬಿಳಿಯರಿಗಷ್ಟ ಅಂತಿದ್ದ ಊಟದ ಕೌಂಟರಿಗೆ ಹೋಗಿ ಕುಂತರು. ಅದಕ್ಕೂ ಮೊದಲ ಹುಬ್ಬಳ್ಳಿಯ ನಾ. ಸು. ಹರ್ಡೀಕರರು ಸೇವಾದಳ ಕಟ್ಟಿ ಸ್ವಯಂಸೇವಕರಿಗೆ ಶಿಸ್ತು ಕಲಿಸಿದ್ದರು.

ಸುಮ್ಮನೆ ಓದುವವ:
ಹಸದೇವಿನಲ್ಲಿ ಅಷ್ಟು ನಡೆದೂ ಎಂತ ಆಯ್ತು? 2022ರಲ್ಲಿ ವಿಧಾನಸಭೆಯೇ ಗಣಿ ಬೇಡ ಅಂತ ಠರಾವು ಮಾಡಿತು, 2023ರ ಡಿಸೆಂಬರಿನಲ್ಲಿ ಪೊಲೀಸ್ ಕಾವಲಿನಲ್ಲಿ ಮರ ಕಡಿದರು.

ಬಾಯಾರಿನ ಅಕ್ಕ:
ಕಡಿದದ್ದು ಹೌದು. ತರಬೇತಿ ಕೊಟ್ಟರೆ ಗೆದ್ದೇ ಗೆಲ್ತೀರಿ ಅಂತ ನಾನು ಎಲ್ಲಿಯೂ ಹೇಳಲಿಲ್ಲ. ಹುಡುಗ ಕೇಳಿದ್ದು ಗ್ಲಾಸು ಒಡೆಯದ ಹಾಗೆ ಮಾಡುವುದು ಹೇಗೆ ಅಂತ, ಅದಕ್ಕೆ ಉತ್ತರ ಕೊಟ್ಟೆ.

ಪೆರ್ಲದ ಹುಡುಗ:
ಅಕ್ಕ, ವಕೀಲರೇ, ಮಾಸ್ತರೇ, ಭಾರೀ ಉಪಕಾರ ಆಯ್ತು. ಆದಿತ್ಯವಾರ ಟ್ರಯಲ್ ಇಟ್ಟಿದ್ದೇವೆ. ಬೈಯುವ ಸಾಲಿಗೆ ನಮ್ಮ ಚಿಕ್ಕಮ್ಮಂದಿರು ತಾವಾಗಿಯೇ ಹೆಸರು ಕೊಟ್ಟಿದ್ದಾರೆ, ತುಳುವಿನಲ್ಲಿ ಬೈತಾರಂತೆ. ಎಸ್‌ಐ ಪಾತ್ರಕ್ಕೆ ಮಾತ್ರ ಮಲಯಾಳ ಗಟ್ಟಿಯಾಗಿ ಬರುವವರು ಬೇಕು. ಬದಿಯಡ್ಕ, ಮುಳ್ಳೇರಿಯ ಕಡೆಯವರು ಯಾರಾದರೂ ಬರ್ತೀರಾ? ಮಧ್ಯಾಹ್ನದ ಊಟ ನಮ್ಮದು.