ಆಲ್ವಿಸೊದ ಒಡ್ಡು, ಸಾಣಿಕಟ್ಟಾದ ಆಗರ

ಗುಂಪು: ಗೋಕರ್ಣದ ಮನೆಯವರು

ರಾಘು (ಬೆಂಗಳೂರು): [ವಿಡಿಯೊ] ಎಲ್ಲರೂ ನೋಡಿ. ಕ್ಯಾಲಿಫೋರ್ನಿಯದ ಆಲ್ವಿಸೊ. ಉಪ್ಪಿನ ಆಗರಗಳ ಒಡ್ಡು ಒಡೆದು ಸಮುದ್ರದ ನೀರು ಬಿಟ್ಟಿದ್ದಾರೆ. ಈಗ ಅಲ್ಲಿ ನಡೆಯಲು ದಾರಿ, ಹಕ್ಕಿ ನೋಡಲು ಜನ. ನಮ್ಮ ಸಾಣಿಕಟ್ಟಾದ ಉಪ್ಪಿನ ಆಗರದಲ್ಲೂ ಹೀಗೆ ಮಾಡಿದರೆ ಗೋಕರ್ಣಕ್ಕೆ ಬರುವವರು ಅಲ್ಲಿಗೂ ಬರುತ್ತಾರೆ. ಉಪ್ಪಿನಿಂದ ಈಗ ಯಾರು ಉದ್ಧಾರವಾಗಿದ್ದಾರೆ?

ದೊಡ್ಡಪ್ಪ: ಬಿಸಿಲಿಗೆ ಬೆನ್ನು ಕೊಟ್ಟು ಉಪ್ಪು ತೆಗೆಯುವವರ ಮುಂದೆ ನಿಂತು ಈ ಮಾತು ಹೇಳು ರಾಘು. ಕಟ್ಟಿದ ಒಡ್ಡು ಒಡೆಯುವುದು ಬುದ್ಧಿವಂತರ ಕೆಲಸವಲ್ಲ. ಆ ದೇಶದವರಿಗೆ ದುಡ್ಡು ಹೆಚ್ಚಾಗಿದೆ, ಒಡೆಯುತ್ತಾರೆ.

ಅತ್ತೆ: ಸುಮಾಳ ಮನೆಗೆ ಹೋದಾಗ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ಕೆಸರು, ಗಾಳಿ, ಕುರುಚಲು ಗಿಡ. ಕೂರಲು ನೆರಳೂ ಇರಲಿಲ್ಲ. ಅದನ್ನು ನೋಡಲು ಯಾರು ಬರುತ್ತಾರೆ?

ಸುಮಾ (ಫ್ರೀಮಾಂಟ್): ದೊಡ್ಡಪ್ಪ, ಸಾಣಿಕಟ್ಟಾದ ವಿಷಯದಲ್ಲಿ ನಾನು ನಿಮ್ಮ ಕಡೆಯೇ. ಆದರೆ ಇಲ್ಲಿಯವರು ದುಡ್ಡಿನ ಸೊಕ್ಕಿನಿಂದ ಒಡೆದರು ಎನ್ನುವುದನ್ನು ಒಪ್ಪಲಾರೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತ ಇದ್ದ ಉಪ್ಪುನೀರಿನ ಜವುಗಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಭಾಗ ಹೋಗಿಬಿಟ್ಟಿತ್ತು. 1850ರ ದಶಕದಿಂದ ಆಗರಗಳು ಒಂದೊಂದಾಗಿ ದಕ್ಷಿಣ ಕೊಲ್ಲಿಯ ದಡವನ್ನು ನುಂಗಿದವು. 2003ರಲ್ಲಿ ಕಾರ್ಗಿಲ್ ಕಂಪನಿಯಿಂದ 15,100 ಎಕರೆ ಆಗರ ಸರ್ಕಾರದ ಕೈಗೆ ಬಂತು. 2006ರಲ್ಲಿ ಆಲ್ವಿಸೊ ಬಳಿಯ ಮೂರು ಆಗರಗಳ ಒಡ್ಡನ್ನು ಅಲ್ಲಲ್ಲಿ ಒಡೆದರು, ಅಷ್ಟೇ. ದಿನಕ್ಕೆರಡು ಬಾರಿ ಉಬ್ಬರ ಹೂಳು ತಂದು ಸುರಿಯಿತು, ನೆಲ ಮೇಲೆದ್ದಿತು, ಬೀಜ ತಾನಾಗಿ ತೇಲಿ ಬಂದು ಹುಟ್ಟಿತು.

ಅತ್ತೆ, ನೀವು ಕುರುಚಲು ಎಂದ ಗಿಡವೇ ಆ ಜವುಗಿನ ಜೀವಾಳ. ಪಿಕಲ್‌ವೀಡ್ ಎನ್ನುತ್ತಾರೆ. ಎಲೆಯೇ ಕಾಣದು, ಬರೀ ರಸ ತುಂಬಿದ ಗಣ್ಣುಗಳು. ಒಂದನ್ನು ಮುರಿದು ಹಿಚುಕಿದರೆ ಉಪ್ಪುನೀರು ಒಸರುತ್ತದೆ. ಉಪ್ಪನ್ನು ತುದಿಯ ಗಣ್ಣುಗಳಿಗೆ ಸಾಗಿಸುತ್ತದೆ. ಚಳಿಗಾಲಕ್ಕೆ ಮುಂಚೆ ಆ ತುದಿಗಳು ಕೆಂಪಾಗಿ ಒಣಗಿ ಉದುರುತ್ತವೆ. ಅದರ ಮರೆಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಇಲಿಯೊಂದು ಬದುಕುತ್ತದೆ. ಈ ಕೊಲ್ಲಿಯ ಜವುಗು ಬಿಟ್ಟರೆ ಜಗತ್ತಿನಲ್ಲಿ ಅದಕ್ಕೆ ಬೇರೆ ಮನೆಯಿಲ್ಲ.

ರಾಘು: ಹಾಗಾದರೆ ಒಡೆದದ್ದು ಒಳ್ಳೆಯದೇ ಆಯಿತಲ್ಲ ಅಕ್ಕ? ನಾನು ಹೇಳಿದ್ದೂ ಅದನ್ನೇ.

ಸುಮಾ: ಎಲ್ಲವನ್ನೂ ಒಡೆದಿಲ್ಲ ರಾಘು, ಒಡೆಯುವುದೂ ಇಲ್ಲ. ಅರ್ಧದಿಂದ ನೂರಕ್ಕೆ ತೊಂಬತ್ತರವರೆಗೆ ಎಷ್ಟು ಸಾಧ್ಯವೋ ಅಷ್ಟನ್ನು ಉಬ್ಬರಕ್ಕೆ ಬಿಡಬೇಕು, ಉಳಿದದ್ದನ್ನು ಕೊಳವಾಗಿಯೇ ನೋಡಿಕೊಳ್ಳಬೇಕು ಎಂಬುದು ಯೋಜನೆ. ಆಗರದ ತೆಳುನೀರನ್ನೇ ನಂಬಿದ ಹಕ್ಕಿಗಳಿವೆ. ಒಣಗಿದ ಆಗರದ ನೆಲದ ಮೇಲೆ ಮೊಟ್ಟೆಯಿಡುವ ಸ್ನೋಯಿ ಪ್ಲವರ್ ಎಂಬ ಹಕ್ಕಿಯಿದೆ. ಜೊತೆಗೆ ಅಂತರ್ಜಲ ಎತ್ತಿ ಎತ್ತಿ ಆಲ್ವಿಸೊದ ನೆಲ ಅಡಿಗಟ್ಟಲೆ ಕುಸಿದಿದೆ. 1983ರಲ್ಲಿ ಊರಿಗೆ ನೀರು ನುಗ್ಗಿತ್ತು. ಮನೆಗಳ ಕಡೆ ಗಟ್ಟಿ ಒಡ್ಡು ಏಳದೆ ಕೊಲ್ಲಿಯ ಕಡೆಯದನ್ನು ಮುಟ್ಟುವಂತಿಲ್ಲ. ಹಳೆಯ ಗಣಿಯ ಪಾದರಸ ನದಿಯಲ್ಲಿ ಇಳಿದು ಬಂದು ಕೆಸರಿನಲ್ಲಿ ಕೂತಿದೆ. ಅದು ಮೀನಿಗೆ ಸೇರಬಾರದೆಂದು ಒಂದು ಕೊಳಕ್ಕೆ ತೂಬು ಇಟ್ಟು, ನೀರನ್ನು ಅಳೆದು ಅಳೆದು ಬಿಟ್ಟರು. ವಿಡಿಯೊದಲ್ಲಿ ಇದು ಯಾವುದೂ ಇಲ್ಲ.

ಈಗ ನಮ್ಮೂರನ್ನು ನೋಡು. ಅಘನಾಶಿನಿಗೆ ಅಣೆಕಟ್ಟಿಲ್ಲ. ಅಳಿವೆಯಲ್ಲಿ ಕಾಂಡ್ಲ ಕಾಡು ಇದೆ, ಇಳಿತದಲ್ಲಿ ಬಳಚು ಚಿಪ್ಪು ಆಯುವವರಿದ್ದಾರೆ, ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಇನ್ನೂ ಬೆಳೆಯುತ್ತದೆ. 2024ರಲ್ಲಿ ಆ ಅಳಿವೆ ಜಗತ್ತಿನ ಮುಖ್ಯ ಜವುಗುಗಳ ರಾಮ್ಸರ್ ಪಟ್ಟಿಗೂ ಸೇರಿತು. ಇಲ್ಲಿಯವರು ಕೋಟಿಗಟ್ಟಲೆ ಸುರಿದು ಮರಳಿ ಪಡೆಯುತ್ತಿರುವುದು ನಮ್ಮಲ್ಲಿ ಹೋಗೇ ಇಲ್ಲ. ಇಲ್ಲಿ ಆಗರಗಳು ಜವುಗನ್ನೇ ತಿಂದಿದ್ದವು. ಅಲ್ಲಿ ಅವು ಜೀವಂತ ಅಳಿವೆಯ ಒಂದು ಮೂಲೆ. ಸಾಣಿಕಟ್ಟಾದ ಒಡ್ಡು ಒಡೆದರೆ ಉಪ್ಪು ಹೋಗುತ್ತದೆ, ಕೂಲಿ ಹೋಗುತ್ತದೆ, ತೆಳುನೀರಿಗೆ ಇಳಿಯುವ ಹಕ್ಕಿಯೂ ಹೋಗುತ್ತದೆ.

ದೊಡ್ಡಪ್ಪ: ಇದನ್ನು ಮೊದಲೇ ಹೇಳಬಾರದಿತ್ತೇ ಮಗಳೇ. ಪಾದರಸದ ವಿಷಯ ನನಗೆ ಗೊತ್ತಿರಲಿಲ್ಲ. ಆದರೆ ಒಂದು ಮಾತು. ಗಜನಿಯ ಒಡ್ಡು ಎಷ್ಟೋ ಕಡೆ ದುರಸ್ತಿಯಿಲ್ಲದೆ ತಾನಾಗಿಯೇ ಒಡೆದಿದೆ, ಉಪ್ಪುನೀರು ನುಗ್ಗಿ ಕಗ್ಗ ನಿಂತುಹೋಗಿದೆ. ದುಡ್ಡು ಬರುವುದಾದರೆ ಮೊದಲು ಅಲ್ಲಿಗೆ ಬರಲಿ.

ರಾಘು: ಒಡೆಯುವ ಮಾತು ಬಿಟ್ಟೆ. ಆದರೆ ಒಡ್ಡಿನ ಮೇಲೆ ಜನರನ್ನು ಕರೆದೊಯ್ದು ಹಕ್ಕಿ ತೋರಿಸುವುದರಲ್ಲಿ ತಪ್ಪೇನಿದೆ ದೊಡ್ಡಪ್ಪ? ನಾಲ್ಕು ಹುಡುಗರಿಗೆ ಕೆಲಸವಾಗುತ್ತದೆ.

ದೊಡ್ಡಪ್ಪ: ತಪ್ಪಿಲ್ಲ. ಆಗರದವರನ್ನು ಕೇಳಿ ಮಾಡು. ಆ ಒಡ್ಡು ಬುಟ್ಟಿ ಹೊತ್ತು ನಡೆಯುವವರ ದಾರಿ. ಕ್ಯಾಮೆರಾ ಹಿಡಿದವರು ಅಡ್ಡ ನಿಂತರೆ ಅವರ ಕೆಲಸ ಕೆಡುತ್ತದೆ.

ಸುಮಾ: ಹಕ್ಕಿ ಮೊಟ್ಟೆಯಿಡುವ ತಿಂಗಳುಗಳಲ್ಲಿ ಇಲ್ಲಿ ಕೆಲವು ದಾರಿಗಳನ್ನು ಮುಚ್ಚುತ್ತಾರೆ ರಾಘು. ಅದನ್ನೂ ಬರೆದುಕೋ.